ಉಲ್ಟಾ ಬಂದ ಕಾರ್ಡು: ಟ್ಯಾರೋದಲ್ಲಿ ತಲೆಕೆಳಗಿನ ಅರ್ಥ ಹುಟ್ಟಿದ ಬಗೆ

ಟ್ಯಾರೋ ಕಾರ್ಡು ಈಗ ಶಿವಮೊಗ್ಗಕ್ಕೆ ಹೊಸದಲ್ಲ. ಮೊಬೈಲಿನ ರೀಲ್ಸ್‌ಗಳಲ್ಲಿ ಮೂರು ಕಾರ್ಡು ಹರಡಿ ಕನ್ನಡದಲ್ಲೇ ಭವಿಷ್ಯ ಹೇಳುವವರಿದ್ದಾರೆ, ಮನೆಯ ಹಾಲ್‌ನಲ್ಲಿ ಟೀಪಾಯಿಯ ಮೇಲೆ ಬಟ್ಟೆ ಹಾಸಿ ಎದುರು ಕೂರಿಸಿಕೊಂಡು ಓದುವವರೂ ಇದ್ದಾರೆ. ಕೇಳಲು ಬಂದವರಿಗೆ ಕಾರ್ಡಿನ ಹೆಸರಾಗಲೀ ಚಿತ್ರವಾಗಲೀ ತಿಳಿಯದಿರಬಹುದು. ಆದರೆ ಅದು ನೆಟ್ಟಗೆ ಬಂದಿದೆಯೋ ಉಲ್ಟಾ ಬಂದಿದೆಯೋ ಎಂಬುದು ಮಾತ್ರ ಕಣ್ಣಿಗೆ ಬಿದ್ದೇ ಬೀಳುತ್ತದೆ, ಉಲ್ಟಾ ಬಂದಿದ್ದರೆ ಮುಖ ಸಪ್ಪಗಾಗುತ್ತದೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆಯಾಯಿತೆಂದೂ ಎಡಗಡೆಯಿಂದ ಬಿದ್ದರೆ ಸದ್ಯಕ್ಕೆ ಬೇಡವೆಂದೂ ತಿಳಿಯುವ, ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವು ಎಷ್ಟು ಮಗುಚಿ ಬಿದ್ದವು ಎಂದು ಎಣಿಸುವ ಮಲೆನಾಡಿನವರಿಗೆ, ಬಿದ್ದ ರೀತಿಯಲ್ಲೇ ಉತ್ತರವಿರುತ್ತದೆ ಎಂಬ ನಂಬಿಕೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಹೂವಿನ ಎಡಬಲಕ್ಕೂ ಕಾರ್ಡಿನ ತಲೆಕೆಳಗಿಗೂ ಒಂದು ವ್ಯತ್ಯಾಸವಿದೆ. ಹೂ ಪ್ರಸಾದದಲ್ಲಿ ಎಡಬಲವೇ ಇಡೀ ಪದ್ಧತಿ, ಅದನ್ನು ತೆಗೆದರೆ ಉಳಿಯುವುದೇನೂ ಇಲ್ಲ. ಟ್ಯಾರೋದಲ್ಲಿ ತಲೆಕೆಳಗಿನ ಅರ್ಥವು ಬಹಳ ತಡವಾಗಿ, ಬೇರೊಂದು ಕಾರ್ಡಿನ ಕಟ್ಟಿನಿಂದ, ಒಬ್ಬ ವ್ಯಾಪಾರಿಯ ಅನುಕೂಲಕ್ಕಾಗಿ ಬಂದು ಸೇರಿಕೊಂಡದ್ದು.

ಟ್ಯಾರೋ ಹುಟ್ಟಿದ್ದು ಭವಿಷ್ಯಕ್ಕಲ್ಲ, ಆಟಕ್ಕೆ. ಉತ್ತರ ಇಟಲಿಯಲ್ಲಿ 1440ರ ದಶಕದ ಹೊತ್ತಿಗೆ ಈ ಕಾರ್ಡುಗಳ ಉಲ್ಲೇಖ ಸಿಗುತ್ತದೆ. ಮಿಲಾನಿನ ವಿಸ್ಕೋಂಟಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ ಚಿನ್ನದ ಹಾಳೆ ಹಚ್ಚಿ ಬರೆದ ಕಾರ್ಡುಗಳು ಇಂದಿಗೂ ಉಳಿದಿವೆ. ಕಟ್ಟಿನಲ್ಲಿ ಒಟ್ಟು 78 ಕಾರ್ಡು: ನಾಲ್ಕು ರಂಗಿನ 56, ಅವುಗಳ ಮೇಲೆ ತುರುಫಿನಂತೆ ನಡೆಯುವ 22. ಆಟಗಾರನಿಗೆ ಕೈಗೆ ಬಂದ ಕಾರ್ಡು ತಲೆಕೆಳಗಾಗಿದ್ದರೆ ಅದನ್ನು ತಿರುಗಿಸಿ ಹಿಡಿಯುವುದಷ್ಟೇ ಕೆಲಸ, ಅದರ ಬೆಲೆ ಏರುವುದೂ ಇಲ್ಲ ಇಳಿಯುವುದೂ ಇಲ್ಲ. ನಮ್ಮ ಮೈಸೂರು ಗಂಜೀಫಾದಲ್ಲಂತೂ ಈ ಪ್ರಶ್ನೆ ಏಳುವುದೇ ಕಷ್ಟ. ಆ ಎಲೆಗಳು ಹೆಚ್ಚಾಗಿ ದುಂಡಗಿರುವುದರಿಂದ ಕೈಯಲ್ಲಿ ಯಾವ ಕೋನದಲ್ಲಿ ಬೇಕಾದರೂ ಬಂದು ಕೂರುತ್ತವೆ. ಹದಿನೆಂಟನೇ ಶತಮಾನದ ನಡುವಿನ ಹೊತ್ತಿಗೆ ಬೊಲೋನ್ಯಾ ನಗರದಲ್ಲಿ ಬರೆದಿಟ್ಟ ಒಂದು ಹಾಳೆಯಲ್ಲಿ 35 ಕಾರ್ಡುಗಳಿಗೆ ಭವಿಷ್ಯದ ಅರ್ಥಗಳನ್ನು ಪಟ್ಟಿ ಮಾಡಲಾಗಿದೆ. ಟ್ಯಾರೋ ಕಾರ್ಡಿನಿಂದ ಶಕುನ ಹೇಳುತ್ತಿದ್ದುದಕ್ಕೆ ಸಿಗುವ ಹಳೆಯ ಸಾಕ್ಷ್ಯಗಳಲ್ಲಿ ಅದೂ ಒಂದು. ಅದರಲ್ಲಿ ಒಂದು ಕಾರ್ಡಿಗೆ ಒಂದೇ ಅರ್ಥ.

ಎರಡನೇ ಅರ್ಥವನ್ನು ಅಚ್ಚಿಗೆ ತಂದವನು ಪ್ಯಾರಿಸ್ಸಿನ ವ್ಯಾಪಾರಿ ಜ್ಯಾಂ-ಬ್ಯಾಪ್ಟಿಸ್ಟ್ ಅಲ್ಲಿಯೆತ್. ತನ್ನ ಮನೆತನದ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸಿ ‘ಎತ್ತೆಯ್ಲಾ’ ಎಂದು ಕರೆದುಕೊಂಡ ಈತ 1770ರಲ್ಲಿ ಕಾರ್ಡಿನಿಂದ ಭವಿಷ್ಯ ನೋಡುವುದರ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. (ಹೆಸರನ್ನೇ ತಿರುಗಿಸಿಕೊಂಡವನು ಕಾರ್ಡು ತಿರುಗಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲವೆನ್ನಿ.) ಗಮನಿಸಬೇಕಾದ ಸಂಗತಿಯೆಂದರೆ ಆ ಪುಸ್ತಕವು ಟ್ಯಾರೋವನ್ನು ಕುರಿತದ್ದಲ್ಲ, ಪಿಕೆ ಎಂಬ ಆಟಕ್ಕೆ ಬಳಸುತ್ತಿದ್ದ 32 ಎಲೆಗಳ ಇಸ್ಪೀಟು ಕಟ್ಟನ್ನು ಕುರಿತದ್ದು. ಆ ಕಟ್ಟಿನಲ್ಲಿ ಪ್ರತಿ ರಂಗಿನಲ್ಲೂ ಏಳರಿಂದ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ, ಇಷ್ಟೇ ಇರುತ್ತವೆ. ಮದುವೆ, ಸಾಲ, ಪ್ರಯಾಣ, ಕೋರ್ಟು ವ್ಯಾಜ್ಯ, ಕಾಯಿಲೆ, ಕಾಗದ ಪತ್ರ ಎಂದು ನೂರೆಂಟು ವಿಷಯ ಕೇಳಲು ಬರುವ ಜನರಿಗೆ 32 ಉತ್ತರಗಳು ಎಲ್ಲಿ ಸಾಕಾಗಬೇಕು? ನೆಟ್ಟಗಿದ್ದರೆ ಒಂದು, ತಲೆಕೆಳಗಾದರೆ ಇನ್ನೊಂದು ಎಂದರೆ ಒಂದೇ ಏಟಿಗೆ ಅವು 64 ಆಗುತ್ತವೆ. ಎತ್ತೆಯ್ಲಾನ ಪದ್ಧತಿಯ ಹಿಂದೆ ಬೇರೆ ಲೆಕ್ಕಾಚಾರಗಳೂ ಇದ್ದವು. ಆದರೂ ತಲೆಕೆಳಗಿನ ಅರ್ಥಕ್ಕೆ ಇಷ್ಟು ಬೇಗ ಬೇರು ಸಿಕ್ಕಿದ್ದು ಮುಖ್ಯವಾಗಿ ಈ ಕೊರತೆಯಿಂದ ಎಂದೇ ನನಗೆ ತೋರುತ್ತದೆ.

ಇಸ್ಪೀಟಿನಲ್ಲಿ ಇದನ್ನು ನಡೆಸಲು ಒಂದು ತೊಡಕಿತ್ತು. ಮಳೆಗಾಲದಲ್ಲಿ ಜಗಲಿಯ ಮೇಲೆ ಕೂತು ಎಲೆ ಹಾಕಿದವರಿಗೆ ಇದು ತಕ್ಷಣ ಹೊಳೆಯುತ್ತದೆ: ಡೈಮನ್ ಎಂಟನ್ನು ಹೇಗೆ ತಿರುಗಿಸಿದರೂ ಅದು ಒಂದೇ ಥರ ಕಾಣುತ್ತದೆ. ಹಾಗಾಗಿ ಭವಿಷ್ಯ ಹೇಳುವವರು ಕಾರ್ಡಿನ ಒಂದು ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅಂದು ರಾಜ, ರಾಣಿ, ಗುಲಾಮರಿಗಾದರೂ ತಲೆ ಒಂದು ಕಡೆ, ಕಾಲು ಒಂದು ಕಡೆ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಎರಡೂ ತುದಿಗೆ ತಲೆಯಿರುವ ಚಿತ್ರಗಳು ಬಳಕೆಗೆ ಬಂದವು, ಏಕೆಂದರೆ ಉಲ್ಟಾ ಬಂದ ರಾಜನನ್ನು ಆಟಗಾರ ಕೈಯಲ್ಲಿ ತಿರುಗಿಸಿದ ಕೂಡಲೇ ಅವನ ಬಳಿ ಚಿತ್ರದ ಎಲೆ ಇದೆಯೆಂದು ಎದುರಾಳಿಗೆ ಗೊತ್ತಾಗಿಬಿಡುತ್ತಿತ್ತು. ಆಟದವರು ತಲೆಬುಡದ ಭೇದವನ್ನು ಅಳಿಸಲು ನೋಡಿದರೆ ಭವಿಷ್ಯದವರಿಗೆ ಅದೇ ಬಂಡವಾಳವಾಗಿತ್ತು.

1781ರಲ್ಲಿ ಕೂರ್ ದ ಝೆಬ್ಲ್ಯಾಂ ಎಂಬ ವಿದ್ವಾಂಸ ತನ್ನ ಬೃಹತ್ ಗ್ರಂಥಮಾಲೆಯ ಎಂಟನೇ ಸಂಪುಟದಲ್ಲಿ ಟ್ಯಾರೋ ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥವೆಂದು ಬರೆದ. ಅದಕ್ಕೆ ಆಧಾರವೇನೂ ಇರಲಿಲ್ಲ. ಈಜಿಪ್ಟಿನ ಚಿತ್ರಲಿಪಿಯನ್ನು ಅಂದು ಯಾರೂ ಓದಬಲ್ಲವರಾಗಿರಲಿಲ್ಲ. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಅವನು ಮಾಡಿದ ಒಂದು ವಾದ ಸ್ವಾರಸ್ಯಕರವಾಗಿದೆ. 22 ಕಾರ್ಡುಗಳಲ್ಲಿ ಹನ್ನೆರಡನೆಯದು ಹ್ಯಾಂಗ್ಡ್ ಮ್ಯಾನ್: ಒಂದು ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ನೇತುಹಾಕಿದ ಮನುಷ್ಯ, ಇನ್ನೊಂದು ಕಾಲು ಮಡಿಸಿ ಹಿಂದಕ್ಕೆ ಅಡ್ಡವಾಗಿದೆ. ಇಟಲಿಯಲ್ಲಿ ದ್ರೋಹಿಗಳ ಚಿತ್ರವನ್ನು ಹೀಗೆ ಬರೆದು ಅವಮಾನ ಮಾಡುವ ರೂಢಿಯಿತ್ತು, ಆ ಕಾರ್ಡಿಗೂ ಅಲ್ಲಿ ‘ದ್ರೋಹಿ’ ಎಂಬ ಹೆಸರೇ ಇತ್ತು. ಝೆಬ್ಲ್ಯಾಂಗೆ ಇದು ತಿಳಿದಿರಲಿಲ್ಲ. ಅವನ ಪ್ರಕಾರ ಅದು ವಿವೇಕದ ಚಿತ್ರ. ಒಂದು ಕಾಲೂರಿ ಇನ್ನೊಂದನ್ನು ಎಲ್ಲಿಡಲೆಂದು ಯೋಚಿಸುತ್ತ ನಿಂತವನನ್ನು ತಿಳಿವಳಿಕೆಯಿಲ್ಲದ ಕಾರ್ಡು ತಯಾರಕನೊಬ್ಬ ಉಲ್ಟಾ ಅಚ್ಚು ಹಾಕಿದ್ದಾನೆ. ಆ ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿದರೆ ಅವನಿಗೆ ಹಾಗೇಕೆ ಅನಿಸಿತೆಂಬುದು ತಿಳಿಯುತ್ತದೆ: ಮನುಷ್ಯ ಒಂಟಿ ಕಾಲಿನಲ್ಲಿ ಹಗುರಾಗಿ ನಿಂತಂತೆಯೇ ಕಾಣುತ್ತಾನೆ.

ಈಜಿಪ್ಟಿನ ಕಥೆ ಹಬ್ಬಿದ ಮೇಲೆ ಎತ್ತೆಯ್ಲಾ ಇಸ್ಪೀಟಿನಲ್ಲಿ ಪಳಗಿಸಿದ್ದ ಪದ್ಧತಿಯನ್ನು ಹಾಗೆಯೇ ಎತ್ತಿಕೊಂಡು ಟ್ಯಾರೋಗೆ ಅಂಟಿಸಿದ. 1785ರಲ್ಲಿ ಅದರ ಪುಸ್ತಕ ಬಂತು, 1789ರಲ್ಲಿ ಅವನದೇ ಕಾರ್ಡಿನ ಕಟ್ಟೂ ಬಂತು. ಭವಿಷ್ಯ ಹೇಳುವುದಕ್ಕೆಂದೇ ಅಚ್ಚಾದ ಮೊದಲ ಟ್ಯಾರೋ ಅದು. ಅದರಲ್ಲಿ ಮೇಲಿನ ತುದಿಯಲ್ಲಿ ಒಂದು ಪದ, ಕೆಳಗಿನ ತುದಿಯಲ್ಲಿ ಉಲ್ಟಾ ಅಚ್ಚಾದ ಇನ್ನೊಂದು ಪದ. ಕಾರ್ಡು ಹೇಗೆ ಬಿದ್ದರೂ ಓದುವವನಿಗೆ ನೆಟ್ಟಗೆ ಕಾಣುವ ಪದವೇ ಉತ್ತರ. ಪೆನ್ಸಿಲ್ ಗುರುತಿನ ಜಾಗಕ್ಕೆ ಅಚ್ಚಿನ ಅಕ್ಷರ ಬಂದಂತಾಯಿತು. ಆದರೆ 78 ಕಾರ್ಡುಗಳಿರುವಲ್ಲಿ 32ರ ಕಾಲದ ಕೊರತೆ ಇರಲಿಲ್ಲ ಎಂಬುದನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಇದನ್ನು ಒಪ್ಪದವರು ಲಂಡನ್ನಿನಲ್ಲಿ ಹುಟ್ಟಿಕೊಂಡರು. 1888ರಲ್ಲಿ ಆರಂಭವಾದ ಗೋಲ್ಡನ್ ಡಾನ್ ಎಂಬ ಗುಪ್ತ ಮಂಡಳಿಯ ಒಳಗಿನ ಪಾಠಗಳಲ್ಲಿ ಕಾರ್ಡು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತೀರ್ಮಾನಿಸುವುದು ಅದರ ಅಕ್ಕಪಕ್ಕದ ಕಾರ್ಡುಗಳು. ಕಟ್ಟಿನ ನಾಲ್ಕು ರಂಗುಗಳಲ್ಲಿ ವ್ಯಾಂಡ್ಸ್ (ಕೋಲು) ಅಗ್ನಿ, ಕಪ್ಸ್ (ಬಟ್ಟಲು) ಜಲ, ಸ್ವೋರ್ಡ್ಸ್ (ಕತ್ತಿ) ವಾಯು, ಪೆಂಟಕಲ್ಸ್ (ನಾಣ್ಯ) ಪೃಥ್ವಿ. ಅಗ್ನಿಗೂ ಜಲಕ್ಕೂ ಆಗದು, ವಾಯುವಿಗೂ ಪೃಥ್ವಿಗೂ ಆಗದು. ಅಂಥವು ಜೊತೆಗೆ ಬಂದರೆ ಒಂದರ ಬಲವನ್ನು ಇನ್ನೊಂದು ಕುಗ್ಗಿಸುತ್ತದೆ, ಒಂದೇ ರಂಗಿನವು ಜೊತೆಗಿದ್ದರೆ ಬಲ ಹೆಚ್ಚುತ್ತದೆ. ಜಾತಕದಲ್ಲಿ ಗ್ರಹಗಳ ಶತ್ರುತ್ವ ಮಿತ್ರತ್ವ ನೋಡಿ ಬಲ್ಲವರಿಗೆ ಈ ವಿಧಾನವು ತಲೆಕೆಳಗಿನ ಲೆಕ್ಕಕ್ಕಿಂತ ಹತ್ತಿರದ್ದೆನಿಸೀತು. ವಿಚಿತ್ರವೆಂದರೆ ಮಂಡಳಿಯ ಸ್ಥಾಪಕರಲ್ಲಿ ಒಬ್ಬನಾದ ಮ್ಯಾಕ್‌ಗ್ರೆಗರ್ ಮೇದರ್ಸ್ ಅದೇ 1888ರಲ್ಲಿ ಹೊರಗಿನವರಿಗಾಗಿ ಪ್ರಕಟಿಸಿದ ಕಿರುಹೊತ್ತಿಗೆಯಲ್ಲಿ ಪ್ರತಿ ಕಾರ್ಡಿಗೂ ನೆಟ್ಟಗಿನ ಮತ್ತು ತಲೆಕೆಳಗಿನ ಅರ್ಥಗಳನ್ನು ಕೊಟ್ಟಿದ್ದಾನೆ. ಮಂಡಳಿಯ ಒಳಗೆ ಒಂದು, ಪುಸ್ತಕದ ಅಂಗಡಿಗೆ ಇನ್ನೊಂದು.

ಆ ಮಂಡಳಿಯಿಂದಲೇ ಬಂದ ಎ.ಇ. ವೇಟ್ 1909ರಲ್ಲಿ ಚಿತ್ರಕಾರ್ತಿ ಪಮೇಲಾ ಕೋಲ್ಮನ್ ಸ್ಮಿತ್ ಕೈಯಲ್ಲಿ ಕಾರ್ಡು ಬರೆಸಿ ಲಂಡನ್ನಿನ ರೈಡರ್ ಪ್ರಕಾಶನದಿಂದ ಹೊರತಂದ. ಇಂದು ಶಿವಮೊಗ್ಗದಲ್ಲಿ ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಕಟ್ಟುಗಳಲ್ಲಿ ಹೆಚ್ಚಿನವು ಇದೇ ಅಥವಾ ಇದರ ನಕಲು. ಹಳೆಯ ಕಟ್ಟುಗಳಲ್ಲಿ ಕೇವಲ ಬಟ್ಟಲು, ಕತ್ತಿ, ನಾಣ್ಯಗಳ ಎಣಿಕೆಯಿದ್ದ ಕಾರ್ಡುಗಳಿಗೂ ಸ್ಮಿತ್ ಮನುಷ್ಯರಿರುವ ದೃಶ್ಯಗಳನ್ನು ಬರೆದಳು. ಇದರಿಂದ ತಲೆಕೆಳಗಿನ ಓದಿಗೆ ಅವಳು ಬಯಸದೆಯೇ ದೊಡ್ಡ ಬಲ ಬಂತು. ಎಣಿಕೆಯ ನಾಲ್ಕು ನಾಣ್ಯ ಹೇಗೆ ತಿರುಗಿದರೂ ನಾಲ್ಕು ನಾಣ್ಯವೇ. ಉಲ್ಟಾ ನಿಂತ ಮನುಷ್ಯನನ್ನು ಕಂಡರೆ ಮಾತ್ರ ಯಾರಿಗಾದರೂ ಏನೋ ಕೆಟ್ಟಿದೆ ಎನಿಸುತ್ತದೆ.

1911ರಲ್ಲಿ ಚಿತ್ರಗಳೊಂದಿಗೆ ಬಂದ ವೇಟನ ಕೈಪಿಡಿಯನ್ನು ಸಾಲುಸಾಲಾಗಿ ಓದಿದರೆ ತಲೆಕೆಳಗಿಗೆ ಅವನ ಬಳಿ ಒಂದೇ ನಿಯಮವಿರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಸೂರ್ಯನ ಕಾರ್ಡು ಉಲ್ಟಾ ಬಂದರೆ ಅದೇ ಫಲ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ಸಿಡಿಲು ಬಡಿದ ಗೋಪುರದ ಕಾರ್ಡಿಗೂ ಒಂದು ಮತದಂತೆ ಹಾಗೆಯೇ, ಜೊತೆಗೆ ದಬ್ಬಾಳಿಕೆ ಮತ್ತು ಸೆರೆವಾಸ. ಫೋರ್ ಆಫ್ ವ್ಯಾಂಡ್ಸ್ ಉಲ್ಟಾ ಬಂದರೆ ಅರ್ಥ ಬದಲಾಗುವುದೇ ಇಲ್ಲ. ಸಮೃದ್ಧಿ, ವೃದ್ಧಿ, ಸಂತೋಷ. ಹ್ಯಾಂಗ್ಡ್ ಮ್ಯಾನ್ ಉಲ್ಟಾ ಆದರೆ ಸ್ವಾರ್ಥ, ಜನಜಂಗುಳಿ. ಕೆಲವೆಡೆ ವಿರುದ್ಧ, ಕೆಲವೆಡೆ ಇಳಿಕೆ, ಕೆಲವೆಡೆ ಸಂಬಂಧವೇ ಇಲ್ಲದ ಮಾತು. ಇದಕ್ಕೆ ಕಾರಣವೂ ಇದೆ: ಆ ಅರ್ಥಗಳಲ್ಲಿ ಬಹಳಷ್ಟು ಎತ್ತೆಯ್ಲಾನ ಪರಂಪರೆಯಿಂದ ಮೇದರ್ಸ್‌ನ ಮೂಲಕ ಇಳಿದು ಬಂದವು, ವೇಟ್ ಅವುಗಳಿಗೆ ತನ್ನದನ್ನೂ ಸೇರಿಸುತ್ತ ಹೋದ. ಅವನೇ ಜನಪ್ರಿಯಗೊಳಿಸಿದ ಹತ್ತು ಕಾರ್ಡುಗಳ ಸೆಲ್ಟಿಕ್ ಕ್ರಾಸ್ ಹರವಿನಲ್ಲಿ ಎರಡನೇ ಕಾರ್ಡನ್ನು ಮೊದಲನೆಯದರ ಮೇಲೆ ಅಡ್ಡಲಾಗಿ ಇಡುತ್ತಾರೆ, ಅದಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ. ಇಂಥ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ‘ಶಾಸ್ತ್ರದಲ್ಲಿ ಹೀಗೇ ಇದೆ’ ಎಂದು ಹೇಳುವವರನ್ನು ಕಂಡಾಗ ನನಗೆ ಕೊಂಚ ಕಸಿವಿಸಿಯಾಗುತ್ತದೆ. ಗೋಲ್ಡನ್ ಡಾನ್‌ನಿಂದಲೇ ಬಂದ ಇನ್ನೊಬ್ಬ, ಅಲೀಸ್ಟರ್ ಕ್ರೌಲಿ, 1944ರಲ್ಲಿ ಪ್ರಕಟಿಸಿದ ತನ್ನ ಟ್ಯಾರೋ ಗ್ರಂಥದಲ್ಲಿ ತಲೆಕೆಳಗಿನ ಅರ್ಥಗಳ ಗೋಜಿಗೇ ಹೋಗಲಿಲ್ಲ.

1960ರ ಮತ್ತು 70ರ ದಶಕಗಳಲ್ಲಿ ಅಮೆರಿಕದಲ್ಲಿ ಟ್ಯಾರೋ ಮನೆಮಾತಾದಾಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಮುಂದೇನಾಗುತ್ತದೆ ಎಂಬುದರ ಬದಲು ನನ್ನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ಕೇಳುವವರು ಹೆಚ್ಚಿದಂತೆ, ಉಲ್ಟಾ ಬಂದರೆ ಕೇಡು ಎಂಬ ನೇರ ಸಮೀಕರಣವೂ ಸಡಿಲವಾಯಿತು. ಅಲ್ಲಿನ ಟ್ಯಾರೋ ಲೇಖಕಿ ಮೇರಿ ಕೆ. ಗ್ರೀರ್ 2002ರಲ್ಲಿ ತಲೆಕೆಳಗಿನ ಕಾರ್ಡುಗಳಿಗೆಂದೇ ಒಂದು ಪೂರ್ಣ ಪುಸ್ತಕ ಬರೆದು ಅವುಗಳನ್ನು ಓದುವ ಹಲವು ದಾರಿಗಳನ್ನು ಮುಂದಿಟ್ಟರು: ಆ ಶಕ್ತಿಗೆ ತಡೆಯಿದೆ, ಫಲ ತಡವಾಗಿದೆ, ಹೊರಗೆ ಕಾಣದೆ ಒಳಮುಖವಾಗಿದೆ, ಕೇಳಲು ಬಂದವನು ತನ್ನಲ್ಲಿರುವುದನ್ನು ಇನ್ನೊಬ್ಬರ ಮೇಲೆ ಹೇರುತ್ತಿದ್ದಾನೆ, ಹೀಗೆ. ಇಷ್ಟು ದಾರಿಗಳಿದ್ದರೆ ಯಾವುದನ್ನು ಹಿಡಿಯಬೇಕೆಂದು ಹೇಳುವುದು ಕಾರ್ಡಲ್ಲ, ಓದುವವರು.

ನಮ್ಮಲ್ಲಿ ಇದಕ್ಕೆ ಜ್ಯೋತಿಷ್ಯದ ಒಗ್ಗರಣೆಯೂ ಬೀಳುತ್ತದೆ. ಉಲ್ಟಾ ಬಂದ ಕಾರ್ಡನ್ನು ‘ಗ್ರಹ ವಕ್ರವಾದ ಹಾಗೆ’ ಎಂದು ವಿವರಿಸಿ, ಆದ್ದರಿಂದ ಬಲ ಕಡಿಮೆ ಎನ್ನುವವರಿದ್ದಾರೆ. ಆದರೆ ಗ್ರಹದ ಆರು ಬಗೆಯ ಬಲ ಅಳೆಯುವ ಷಡ್ಬಲದ ಲೆಕ್ಕದಲ್ಲಿ, ವಕ್ರಗತಿಯ, ಅಂದರೆ ಹಿಂದಕ್ಕೆ ಚಲಿಸುವಂತೆ ಕಾಣುವ ಗ್ರಹಕ್ಕೆ ಚಲನೆಯಿಂದ ಬರುವ ಚೇಷ್ಟಾಬಲ ಹೆಚ್ಚೇ ಹೊರತು ಕಡಿಮೆಯಲ್ಲ. ಶಿವಮೊಗ್ಗದ ಗೋಪಾಳದ ಒಂದು ಮನೆಯಲ್ಲಿ ನಾನು ನೋಡಿದ ಓದು ಇದಕ್ಕಿಂತ ಸರಳವಾಗಿತ್ತು. ತೀರ್ಥಹಳ್ಳಿ ಕಡೆಯಿಂದ ಮಗನ ಕೆಲಸದ ವಿಷಯ ಕೇಳಲು ಬಂದಿದ್ದ ಹೆಂಗಸು ಮೂರನೇ ಕಾರ್ಡು ತೆರೆಯುತ್ತಲೇ ‘ಅಯ್ಯೋ, ಉಲ್ಟಾ ಬಂತಲ್ಲ ಮೇಡಂ’ ಎಂದರು. ಓದುವಾಕೆ ‘ನಾನು ರಿವರ್ಸ್ ನೋಡಲ್ಲ ಅಕ್ಕ, ಪಕ್ಕದ್ದರ ಜೊತೆ ಸೇರಿಸಿ ನೋಡ್ತೀನಿ’ ಎಂದು ಅದನ್ನು ಬೆರಳ ತುದಿಯಲ್ಲಿ ನೆಟ್ಟಗೆ ತಿರುಗಿಸಿಟ್ಟರು. ಗೋಲ್ಡನ್ ಡಾನ್ ಹೆಸರನ್ನು ಅವರು ಕೇಳಿದ್ದರೋ ಇಲ್ಲವೋ, ಪದ್ಧತಿ ಮಾತ್ರ ಅದೇ.

ಇನ್ನು ಕಾರ್ಡು ಉಲ್ಟಾ ಬರುವುದೇ ಕಲಸುವ ರೀತಿಯನ್ನು ಅವಲಂಬಿಸಿದೆ. ಇಸ್ಪೀಟಿನ ಹಾಗೆ ಕಟ್ಟನ್ನು ಕೈಯಲ್ಲಿ ಹಿಡಿದು ಮೇಲಿನವನ್ನು ಕೆಳಕ್ಕೆ ಜಾರಿಸುತ್ತ ಕಲಸಿದರೆ ಕಾರ್ಡುಗಳ ಕ್ರಮ ಬದಲಾಗುತ್ತದೆಯೇ ಹೊರತು ದಿಕ್ಕು ಬದಲಾಗುವುದಿಲ್ಲ. ಪೆಟ್ಟಿಗೆಯಿಂದ ನೆಟ್ಟಗೆ ಹೊರಬಂದ ಹೊಸ ಕಟ್ಟನ್ನು ವರ್ಷಗಟ್ಟಲೆ ಹಾಗೆ ಕಲಸಿದರೂ ಒಂದೂ ಉಲ್ಟಾ ಬರಲಾರದು. ಕಟ್ಟನ್ನು ಕತ್ತರಿಸಿ ಅರ್ಧವನ್ನು ತಿರುಗಿಸಿ ಸೇರಿಸಬೇಕು, ಇಲ್ಲವೇ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಎರಡೂ ಅಂಗೈಯಿಂದ ಸುತ್ತುಸುತ್ತಾಗಿ ಕಲಸಬೇಕು. ಹಾಗೆ ಚೆನ್ನಾಗಿ ಕಲಸಿದರೆ ಹತ್ತು ಕಾರ್ಡುಗಳ ಹರವಿನಲ್ಲಿ ಸರಾಸರಿ ಐದು ಉಲ್ಟಾ ಇರುತ್ತವೆ. ಬೆನ್ನಿನ ಚಿತ್ರಕ್ಕೂ ತಲೆಬುಡ ಇರುವ ಕಟ್ಟಾದರೆ, ಕಾರ್ಡು ತೆರೆಯುವ ಮೊದಲೇ ಅದು ಉಲ್ಟಾ ಎಂದು ಓದುವವರಿಗೆ ಗೊತ್ತಿರುತ್ತದೆ. ಮೊಬೈಲಿನ ಟ್ಯಾರೋ ಆ್ಯಪ್‌ಗಳಲ್ಲಿ ಕಲಸುವ ಕೈಯೂ ಇಲ್ಲ. ಹಲವು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ರಿವರ್ಸ್ ಕಾರ್ಡು ಬೇಕೋ ಬೇಡವೋ ಎಂದು ಕೇಳುವ ಗುಂಡಿಯೊಂದಿರುತ್ತದೆ, ಬೇಡವೆಂದರೆ 78 ಕಾರ್ಡುಗಳೂ ನೆಟ್ಟಗೇ ಬರುತ್ತವೆ.