ಹಗ್ಗ ಎಳೆದದ್ದು ಸಾಕು, ಪ್ಲಗ್ ಬಿಚ್ಚಿ

ಕೆಆರ್‌ಎಸ್ ಹಿನ್ನೀರಿನಲ್ಲಿ, ಕಬಿನಿಯಲ್ಲಿ ಮೀನು ಹಿಡಿಯುವವರಿಗೆ ತೆಪ್ಪ, ಹರಿಗೋಲೇ ಆಸರೆ. ದೋಣಿಯ ಹಿಂದೆ ಕಚ್ಚಿಸುವ ಔಟ್‌ಬೋರ್ಡ್ ಮೋಟಾರ್ ನಮ್ಮ ಕಡೆ ಕಡಿಮೆ. ಹಾಗಾಗಿ ಹಳೆಯದೊಂದು ಸ್ಟಾರ್ಟ್ ಆಗದೆ ಹಟ ಹಿಡಿದರೆ ಯಾರಿಗೆ ತೋರಿಸೋದು ಅನ್ನುವುದೇ ತಲೆನೋವು. ಮೈಸೂರಿನವರಿಗೆ ಈ ಚಿಂತೆ ಬೇಡ ಅಂತೀನಿ. ಹಳೇ ಔಟ್‌ಬೋರ್ಡ್‌ಗಳಲ್ಲಿ ಬಹುಪಾಲು ಟೂ ಸ್ಟ್ರೋಕ್. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳೂ ಟೂ ಸ್ಟ್ರೋಕ್‌ಗಳೇ. ಜಾವಾ ಬಿಚ್ಚಿ ಕಟ್ಟಿದವರಿಗೆ ಇದರ ಹೊಟ್ಟೆಯೊಳಗೆ ಹೊಸದೇನೂ ಕಾಣುವುದಿಲ್ಲ.

ಸ್ಟಾಪ್ ಸ್ವಿಚ್ಚಿನ ಕ್ಲಿಪ್ ಜಾಗದಲ್ಲಿ ಇದೆಯಾ ನೋಡಿ, ಅದು ಕಳಚಿದ್ದರೆ ಕಿಡಿ ಹಾರುವುದಿಲ್ಲ. ನಗಬೇಡಿ, ಎಷ್ಟೋ ಸಲ ಅಷ್ಟೇ ಇರುತ್ತೆ. ಆಮೇಲೆ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಹಾರಿಲ್ಲ, ಇಲ್ಲವೇ ಚೋಕ್ ಎಳೆದೂ ಎಳೆದೂ ತುಂಬಿಕೊಂಡಿದೆ.

ಕಿಡಿಗೆ ಇಲ್ಲಿ ಬ್ಯಾಟರಿ ಬೇಕಿಲ್ಲ. ಹಗ್ಗ ಎಳೆದಾಗ ಫ್ಲೈವೀಲ್‌ನಲ್ಲಿರುವ ಅಯಸ್ಕಾಂತ ಕಾಯಿಲ್ ಪಕ್ಕದಲ್ಲಿ ಸುತ್ತಿ ಕರೆಂಟ್ ಹುಟ್ಟಿಸುತ್ತದೆ, ಸರಿಯಾದ ಗಳಿಗೆಯಲ್ಲಿ ಪಾಯಿಂಟ್ ಅನ್ನೋ ಪುಟ್ಟ ಸ್ವಿಚ್ ತೆರೆದು ಆ ಕರೆಂಟ್ ಫಕ್ಕನೆ ಕಡಿದಾಗ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದ ಮೋಟಾರಿನ ಪಾಯಿಂಟ್ ಮೇಲೆ ತೆಳ್ಳಗೆ ಕಿಲುಬು ಕೂತಿರುತ್ತದೆ. ನಯವಾದ ಎಮರಿ ಶೀಟ್‌ನಿಂದ ಎರಡು ಸಲ ಎಳೆದರೆ ಸಾಕು. ಪ್ಲಗ್‌ನಲ್ಲಿ ಕಿಡಿ ಹಾರುತ್ತಾ ಅಂತ ಪರೀಕ್ಷೆ ಮಾಡುವಾಗ ಪೆಟ್ರೋಲ್ ಡಬ್ಬ ದೂರ ಇರಲಿ, ಆಯ್ತಾ?

ಕಿಡಿ ಸರಿ ಇದ್ದರೂ ಸ್ಟಾರ್ಟ್ ಆಗದಿದ್ದರೆ ನನ್ನ ಅನುಮಾನ ಪೆಟ್ರೋಲ್ ಮೇಲೆ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಕಬ್ಬಿನ ಕಾಕಂಬಿಯಿಂದ ಎಥನಾಲ್ ಆಗುತ್ತದೆ ಅಂತ ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೆ ನೀರು ಅಂದ್ರೆ ಪ್ರಾಣ. ಟ್ಯಾಂಕಿನ ಮುಚ್ಚಳದ ಗಾಳಿತೂತಿನಿಂದ ಬಂದ ತೇವವನ್ನೂ ಹೀರಿಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು, ಎಥನಾಲ್ ಎರಡೂ ಒಟ್ಟಾಗಿ ಪೆಟ್ರೋಲ್ ಬಿಟ್ಟು ತಳಕ್ಕೆ ಇಳಿಯುತ್ತವೆ. ಎಥನಾಲ್ ಶೇ. 10 ಇದ್ದಾಗ ಲೀಟರಿಗೆ ಸುಮಾರು 5 ಮಿಲಿ ನೀರು, ಅಂದರೆ ಒಂದು ಟೀ ಚಮಚದಷ್ಟು, ಸೇರಿದರೆ ಸಾಕು. ಶೇ. 20 ಇದ್ದರೆ ಇನ್ನಷ್ಟು ನೀರನ್ನು ತಾಳಿಕೊಳ್ಳುತ್ತದೆ. ಮೋಟಾರಿನ ಪೈಪ್ ಹೀರುವುದು ತಳದಿಂದಲೇ ಅಲ್ವಾ? ಆ ತಳದ ನೀರು, ಎಥನಾಲ್ ಮಿಶ್ರಣದಲ್ಲಿ ಮೋಟಾರ್ ಸರಿಯಾಗಿ ಸ್ಟಾರ್ಟ್ ಆಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ನಾವು ಬೆರೆಸಿದ ಟೂ ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹೇಗೋ ಒದ್ದಾಡಿ ಸ್ಟಾರ್ಟ್ ಆದರೂ ಪಿಸ್ಟನ್‌ಗೆ ಆಯಿಲ್ ಸಿಗುವುದಿಲ್ಲ.

ತಳದ ಪೆಟ್ರೋಲ್ ಸ್ವಲ್ಪ ತೆಗೆದು ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿಯಿರಿ. ನಡುವೆ ಒಂದು ಗೆರೆ ಕಂಡರೆ ಕಳ್ಳ ಸಿಕ್ಕಿದ. ಇಡೀ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ಬಿಚ್ಚಿ, ಅಂಟು ಹಿಡಿದ ಜೆಟ್‌ಗಳನ್ನು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಣುಕುಗಳನ್ನು, ಕ್ಲೀನರ್ ಹಾಕಿ ತೊಳೆಯಿರಿ. ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತೆ.

ಮತ್ತೆ ಹಗ್ಗ ಎಳೆಯುವ ಮೊದಲು ಮೋಟಾರಿನ ಕಾಲನ್ನು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ. ಮೋಟಾರ್ ತಂಪಾಗಿಡಲು ನೀರು ಎತ್ತುವ, ಒಳಗಿರುವ ರಬ್ಬರ್ ಇಂಪೆಲ್ಲರ್ ನೀರಿಲ್ಲದೆ ಸುತ್ತಿದರೆ ಬೇಗ ಸುಟ್ಟುಹೋಗುತ್ತದೆ.

ಇಷ್ಟಾದರೂ ಪ್ಲಗ್ ಒಣಗೇ ಇದ್ದರೆ ಕ್ರ್ಯಾಂಕ್ ಆಯಿಲ್ ಸೀಲ್ ನೋಡಿಸಿ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್, ಗಾಳಿ ಮೊದಲು ಹೋಗುವುದು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸಿಗೆ. ಸೀಲ್ ಹರಿದಿದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಕಾರ್ಬೊರೇಟರ್‌ನಿಂದ ಎಳೆಯುವ ಶಕ್ತಿ ಉಳಿಯುವುದಿಲ್ಲ. ಕಂಪನಿಯ ಸ್ಪೇರ್ ಸಿಗದಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆದುಕೊಂಡು ಬೇರಿಂಗ್ ಅಂಗಡಿಯಲ್ಲಿ ಕೇಳಿ, ಪೆಟ್ರೋಲ್ ತಡೆಯುವ ರಬ್ಬರಿನದ್ದೇ ಬೇಕು ಅನ್ನಿ.