ಮಂಗನ ಹೆಸರು, ಉಣುಗಿನ ಕೆಲಸ

ರೋಗಕ್ಕೆ ಹೆಸರಿಡುವಾಗ ಒಮ್ಮೆ ಎಡವಿದರೆ ಅರವತ್ತೆಪ್ಪತ್ತು ವರ್ಷ ಕಳೆದರೂ ತಿದ್ದಲಾಗುವುದಿಲ್ಲ ಎನ್ನುವುದಕ್ಕೆ ಮಂಗನ ಕಾಯಿಲೆಯೇ ಸಾಕ್ಷಿ. ಸಂಕ್ರಾಂತಿ ಹತ್ತಿರವಾಗುತ್ತಿದ್ದಂತೆ ಮಲೆನಾಡಿನ ಪತ್ರಿಕೆಗಳ ಒಳಪುಟದಲ್ಲಿ 'ಮಂಗನ ಶವ ಪತ್ತೆ' ಎಂಬ ಸುದ್ದಿ ಶುರುವಾಗುತ್ತದೆ. ಬೆಂಗಳೂರಿನ ಸ್ನೇಹಿತರು ಆಗೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ನಿಮ್ಮ ಕಡೆ ಮಂಗ ಕಚ್ಚಿದರೆ ಜ್ವರ ಬರುತ್ತದಂತಲ್ಲ?' ಬರುವುದಿಲ್ಲ ಸ್ವಾಮಿ. ಈ ವಿಷಯದಲ್ಲಿ ಮಂಗನೂ ನಮ್ಮಂತೆಯೇ ಕಚ್ಚಿಸಿಕೊಂಡವನು. ಒಂದೇ ವಾರ್ಡಿನ ಎರಡು ಹಾಸಿಗೆಗಳಲ್ಲಿ ಮಲಗಿದ ರೋಗಿಗಳಲ್ಲಿ ಒಬ್ಬನ ಹೆಸರನ್ನು ರೋಗಕ್ಕೆ ಕಟ್ಟಿ, ಇನ್ನೊಬ್ಬ ಅವನನ್ನು ದೂರುತ್ತಾ ಕುಳಿತ ಹಾಗಾಗಿದೆ ಇದು.

ಕಚ್ಚುವುದು ಉಣುಗು. ಕೆಲವು ಕಡೆ ಉಣ್ಣೆ ಎನ್ನುತ್ತಾರೆ. ಚಿಕ್ಕವನಿದ್ದಾಗ ದನದ ಕಿವಿಯೊಳಗಿಂದ, ಕೆಚ್ಚಲ ಸಂದಿಯಿಂದ ಇವನ್ನು ಕಿತ್ತು ಗೆರಟೆಗೆ ಹಾಕಿಕೊಂಡು, ಬಚ್ಚಲೊಲೆಯ ಕೆಂಡಕ್ಕೆ ಸುರಿಯುವುದು ನಮ್ಮ ಪಾಲಿನ ಕೆಲಸವಾಗಿತ್ತು. ರಕ್ತ ಕುಡಿದು ಹರಳುಬೀಜದಂತೆ ಉಬ್ಬಿದ ಉಣುಗು ಚಟ್ ಎಂದು ಸಿಡಿಯುತ್ತಿತ್ತು. (ಲ್ಯಾಟಿನ್ ಭಾಷೆಯಲ್ಲಿ ಹರಳಿಗೂ ಉಣುಗಿಗೂ 'ರಿಸಿನಸ್' ಎಂಬ ಒಂದೇ ಹೆಸರು. ರೋಮನ್ನರ ಮಕ್ಕಳಿಗೂ ಇದೇ ಕೆಲಸ ಬೀಳುತ್ತಿತ್ತೋ ಏನೋ.) ಮನುಷ್ಯನಿಗೆ ರೋಗ ಅಂಟಿಸುವುದು ಸಾಮಾನ್ಯವಾಗಿ ಈ ದಪ್ಪ ಉಣುಗಲ್ಲ, ಅದರ ಎಳೆಯ ರೂಪ. ಸಾಸಿವೆ ಕಾಳಿನಷ್ಟು ಚಿಕ್ಕದಾದ ಅದು ಕಾಲಿಗೆ ಹತ್ತಿದ್ದೂ ಗೊತ್ತಾಗುವುದಿಲ್ಲ, ಕಚ್ಚಿದ್ದೂ ಗೊತ್ತಾಗುವುದಿಲ್ಲ.

1957ರಲ್ಲಿ ಇದೊಂದೂ ಯಾರಿಗೂ ತಿಳಿದಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ, ತಲೆನೋವು, ಮೈಯೆಲ್ಲ ಜಜ್ಜಿದಂಥ ನೋವಿನಿಂದ ಮಲಗಿದರು. ಕೆಲವರಿಗೆ ಮೂಗು, ಒಸಡುಗಳಲ್ಲಿ ರಕ್ತ ಒಸರಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಆಗ ಐದೇ ವರ್ಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಅದನ್ನು 1952ರಲ್ಲಿ ಕಟ್ಟಿದ್ದವು. ಅಲ್ಲಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸೊರಬಕ್ಕೆ ಧಾವಿಸಿದರು. ಅವರ ಎದೆ ನಡುಗಿಸಿದ್ದು ಪೀತಜ್ವರದ ಭಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದವೆಂದರೆ ಮನುಷ್ಯರಿಗೂ ಪೀತಜ್ವರ ಬರಲಿದೆ ಎಂದೇ ಲೆಕ್ಕ. ಏಷ್ಯಾದಲ್ಲಿ ಆ ಜ್ವರವಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಬೇಕಾದಷ್ಟಿದೆ. ಅದೇನಾದರೂ ಇಲ್ಲಿ ಕಾಲಿಟ್ಟಿದ್ದರೆ ಆಗಬಹುದಾಗಿದ್ದ ಅನಾಹುತವನ್ನು ಊಹಿಸಿಯೇ ಅವರಿಗೆ ನಿದ್ದೆ ಬಂದಿರಲಾರದು.

ಸತ್ತ ಮಂಗಗಳಿಂದ, ರೋಗಿಗಳ ರಕ್ತದಿಂದ, ಉಣುಗುಗಳಿಂದ ಹೊರತೆಗೆದ ವೈರಸ್ ಪೀತಜ್ವರದ್ದಾಗಿರಲಿಲ್ಲ. ಅದರ ನೆಂಟಸ್ತಿಕೆ ಇನ್ನೂ ವಿಚಿತ್ರವಾಗಿತ್ತು: ಹತ್ತಿರದ ಬಂಧುಗಳಿದ್ದದ್ದು ರಷ್ಯಾದಲ್ಲಿ, ಸೈಬೀರಿಯಾದ ಓಮ್ಸ್ಕ್ ಪ್ರಾಂತದಲ್ಲಿ! ಸೊರಬಕ್ಕೂ ಸೈಬೀರಿಯಕ್ಕೂ ಎತ್ತಣಿಂದೆತ್ತ ಸಂಬಂಧ? ಆಗ ಎಲ್ಲರ ಕಣ್ಣೂ ಆಕಾಶಕ್ಕೆ ಹೋಯಿತು. ಚಳಿಗಾಲದಲ್ಲಿ ಉತ್ತರದಿಂದ ಲಕ್ಷಾಂತರ ಹಕ್ಕಿಗಳು ಭಾರತಕ್ಕೆ ಬರುತ್ತವೆ. ಅವುಗಳ ಗರಿಯ ನಡುವೆ ಉಣುಗು ಕುಳಿತು ಬಂದಿರಬಾರದೇಕೆ? ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರು ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಕೈಹಾಕಿದರು.

ಹಕ್ಕಿಗಳು ಸೈಬೀರಿಯದಿಂದ ಈ ವೈರಸ್ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಭಾರತಕ್ಕೆ ಕ್ರಮಬದ್ಧವಾಗಿ ತಿಳಿಯತೊಡಗಿದ್ದು ಆ ಉಂಗುರಗಳಿಂದಲೇ. ಹುಡುಕಿದ್ದು ಸಿಗದೆ ಹುಡುಕದ್ದು ಸಿಕ್ಕಿತು. ಮುಂದೆ ಈ ಹಕ್ಕಿ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಹಣವೂ ಹರಿದುಬಂದಿದ್ದು ಗೊತ್ತಾಗಿ, ಜೈವಿಕ ಯುದ್ಧದ ತಯಾರಿಯೇ ಇದು ಎಂಬ ಗುಲ್ಲೆದ್ದಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಹಣದ ಇಂಥ ಸಂಶೋಧನೆಗಳನ್ನೆಲ್ಲ ಜಾಲಾಡಿ ಕಟುವಾದ ವರದಿ ಬರೆಯಿತು. ಅದು ಬೇರೆಯದೇ ಕಥೆ. ಹೇಳತೊಡಗಿದರೆ ಉಣುಗು ಮರೆತುಹೋಗುತ್ತದೆ.

ಉಣುಗನ್ನು ಮರೆಯಬಾರದು, ಏಕೆಂದರೆ ಗುಟ್ಟೆಲ್ಲ ಇರುವುದು ಅದರ ಊಟದಲ್ಲಿ. ಕ್ಯಾಸನೂರಿನ ಮುಖ್ಯ ಉಣುಗಿನ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಇಡೀ ಆಯುಷ್ಯದಲ್ಲಿ ಇದು ಉಣ್ಣುವುದು ಮೂರೇ ಸಲ. ನಾಮಕರಣದ ದಿನ ಒಂದು, ಉಪನಯನದ ದಿನ ಇನ್ನೊಂದು, ಬಸಿರಿನ ಬಯಕೆಯದು ಮತ್ತೊಂದು ಎಂದಿಟ್ಟುಕೊಳ್ಳಿ. ನಡುವೆ ತಿಂಗಳುಗಟ್ಟಲೆ ಉಪವಾಸ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಟ್ಟೆಯೊಡೆದು ಬರುವ ಆರು ಕಾಲಿನ ಮರಿ ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗ, ಯಾವುದು ಸಿಕ್ಕರೆ ಅದನ್ನು ಹತ್ತಿ ಮೊದಲ ಊಟ ಮಾಡುತ್ತದೆ. ಕೆಳಗುದುರಿ, ತರಗೆಲೆಯಡಿ ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ನವೆಂಬರಿನಿಂದ ಮೇ ತನಕ ಇದರ ಕಾಲ, ಎರಡನೆಯ ಊಟಕ್ಕೆ ಕಾದಿರುವ ಕಾಲ. ಮತ್ತೆ ಉದುರಿ ಮತ್ತೆ ಪೊರೆ ಕಳಚಿದರೆ ಬಲಿತ ಉಣುಗು. ಮುಂಗಾರಿನಲ್ಲಿ ಅದು ದನದಂಥ ದೊಡ್ಡ ಪ್ರಾಣಿಯನ್ನು ಹಿಡಿದು ಮೂರನೆಯ ಊಟ ಮುಗಿಸಿ, ನೆಲಕ್ಕೆ ಬಿದ್ದು, ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ.

ಇದರಲ್ಲಿ ವೈರಸ್ಸಿಗೇನು ಲಾಭ? ಅಂಚೆಯವನನ್ನು ನೆನೆಯಿರಿ. ಒಂದೇ ಮನೆಯಲ್ಲಿ ಕಾಗದ ಪಡೆದು ಅದೇ ಮನೆಗೆ ಬಟವಾಡೆ ಮಾಡುವ ಅಂಚೆಯವನಿಂದ ಯಾರಿಗೂ ಸುದ್ದಿ ತಲುಪದು. ಉಣುಗು ಜೀವನವಿಡೀ ಒಂದೇ ಪ್ರಾಣಿಗೆ ಅಂಟಿಕೊಂಡಿದ್ದರೆ ವೈರಸ್ ಅಲ್ಲೇ ಕೊಳೆಯುತ್ತಿತ್ತು. ಮೊದಲ ಊಟದಲ್ಲಿ ಒಳಹೊಕ್ಕ ವೈರಸ್ ಪೊರೆ ಕಳಚಿದರೂ ಅಳಿಯದೆ ಉಳಿದು, ಎರಡನೆಯ ಊಟದಲ್ಲಿ ಇನ್ನೊಂದು ಪ್ರಾಣಿಗೆ ಇಳಿಯುತ್ತದೆ. ಅಂಚೆಯ ಹೋಲಿಕೆ ಹಿಡಿಸದಿದ್ದರೆ ಮಲೆನಾಡಿನ ಬಸ್ಸು ಹಿಡಿಯಿರಿ: ಸೊರಬದಲ್ಲಿ ಹತ್ತಿ, ಸಾಗರದಲ್ಲಿ ಇಳಿದು, ಮುಂದಿನ ಬಸ್ಸಿಗೆ ಗಂಟೆಗಟ್ಟಲೆ ಕಾದು, ತೀರ್ಥಹಳ್ಳಿ ಮುಟ್ಟಬೇಕು. ಕಾಯುವ ಆ ಬಸ್ ನಿಲ್ದಾಣವೇ ಕಾಡಿನ ತರಗೆಲೆ. ಮಂಗ ಬರುವುದು ಇಲ್ಲಿಯೇ. ಅದರ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ. ಅದು ಸತ್ತು ಮೈ ತಣ್ಣಗಾದಾಗ ಮೈಮೇಲಿನ ಉಣುಗುಗಳು ಇಳಿದು ಅದೇ ಜಾಗದಲ್ಲಿ ಚೆಲ್ಲುತ್ತವೆ. ಸತ್ತ ಮಂಗನ ಸುತ್ತಲಿನ ನೆಲವೆಂದರೆ ಸಿಡಿಮದ್ದು ಹುಗಿದಿಟ್ಟ ಬಯಲು. ನಮ್ಮಲ್ಲಿ ಮಂಗ ಸತ್ತರೆ ಆಂಜನೇಯನೆಂದು ಅರಿಶಿನ ಕುಂಕುಮ ಹಚ್ಚಿ, ಮಾಲೆ ಹಾಕಿ, ಹೊತ್ತು ಮೆರವಣಿಗೆ ಮಾಡುವವರಿದ್ದಾರೆ. ಭಕ್ತಿ ಇರಲಿ. ಆದರೆ ಕಾಯಿಲೆಯ ಕಾಡಿನಲ್ಲಿ ಆ ಶವವನ್ನು ಬರಿಗೈಯಲ್ಲಿ ಮುಟ್ಟುವುದನ್ನು ನೋಡಿದರೆ ನನಗೆ ಕೈಮುಗಿಯುವುದಕ್ಕಿಂತ ಮೊದಲು ಕೂಗಿಕೊಳ್ಳಬೇಕೆನಿಸುತ್ತದೆ. ಆರೋಗ್ಯ ಇಲಾಖೆಗೆ ಫೋನ್ ಮಾಡಿ, ದೂರ ನಿಲ್ಲಿ.

ಹಾಗಾದರೆ ದನ? ದನದ ರಕ್ತದಲ್ಲಿ ಈ ವೈರಸ್ ಉಣುಗಿಗೆ ಅಂಟುವಷ್ಟು ಹೆಚ್ಚುವುದಿಲ್ಲ. ಆ ಲೆಕ್ಕದಲ್ಲಿ ದನ ನಿರಪರಾಧಿ, ಮತ್ತು ವೈರಸ್ಸನ್ನೇ ಹುಡುಕುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅದನ್ನು ನೋಡಿದ್ದು ಬೇರೊಬ್ಬ. ಹಾರ್ಹೆ ಬೊಶೆಲ್ ಕೊಲಂಬಿಯಾ ದೇಶದವರು. ಅಲ್ಲಿನ ಕಾಡಿನಲ್ಲಿ ಪೀತಜ್ವರದ ಬೆನ್ನು ಹತ್ತಿದ್ದಾಗ, ಕಟ್ಟಿಗೆ ಕಡಿಯುವವರು ಉರುಳಿಸಿದ ಮರದ ಜೊತೆಗೇ ನೀಲಿ ಬಣ್ಣದ ಸೊಳ್ಳೆಗಳ ಮೋಡವೊಂದು ಕೆಳಗಿಳಿದು ಜನರನ್ನು ಮುತ್ತಿದ್ದನ್ನು ಕಂಡವರು. ನೆತ್ತಿಯ ಕೊಂಬೆಗಳಲ್ಲಿ ಮಂಗಗಳ ನಡುವೆ ತಿರುಗುತ್ತಿದ್ದ ಸೊಳ್ಳೆಯನ್ನು ನೆಲಕ್ಕಿಳಿಸಿದ್ದು ಕೊಡಲಿ. ಇಂಥ ಕಣ್ಣಿರುವ ಮನುಷ್ಯ ಮಲೆನಾಡಿಗೆ ಬಂದಾಗ ನೋಡಿದ್ದು ಹಕ್ಕಿಯನ್ನಲ್ಲ, ಕಾಡಿನ ಅಂಚನ್ನು. ಜನ ಹೆಚ್ಚಿದ್ದಾರೆ, ಕಾಡು ಕಡಿದು ಗದ್ದೆ ತೋಟ ಆಗಿದೆ, ಉಳಿದ ಕಾಡಿಗೆ ದನಗಳು ಮೇಯಲು ನುಗ್ಗುತ್ತಿವೆ. ಬಲಿತ ಉಣುಗಿಗೆ ಮೊದಲು ಅಲ್ಲೊಂದು ಇಲ್ಲೊಂದು ಕಡವೆ, ಕಾಟಿ ಸಿಗಬೇಕಿತ್ತು. ಈಗ ಊರಿನ ದನಗಳ ರೂಪದಲ್ಲಿ ಅನ್ನಛತ್ರವೇ ತೆರೆದಿದೆ. ಚಿಕ್ಕ ಪ್ರಾಣಿಗಳಲ್ಲಿ ಸದ್ದಿಲ್ಲದೆ ಇದ್ದ ವೈರಸ್ಸಿಗೆ ಉಣುಗಿನ ಈ ಸಂತಾನವೇ ರೆಕ್ಕೆ ಕಟ್ಟಿತು ಎಂದು ಬೊಶೆಲ್ 1969ರಲ್ಲಿ ಬರೆದರು. ಸೈಬೀರಿಯದಲ್ಲಿ ಹುಡುಕುತ್ತಿದ್ದ ಉತ್ತರದ ಅರ್ಧ ಭಾಗ ನಮ್ಮ ಕೊಟ್ಟಿಗೆಯಲ್ಲೇ ಇತ್ತು. ನಮ್ಮ ಗೆರಟೆಯಲ್ಲಿ!

ಇಷ್ಟು ತಿಳಿದ ಮೇಲೂ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಗೇರು ನೆಡುತೋಪಿಗಾಗಿ ಕಾಡು ಕಡಿಯಲಾಯಿತು. ಅಲ್ಲಿ ಕೂಲಿಗೆ ಹೋದ ಬಡವರು ಮಲಗಿದರು, ಹಲವರು ಸತ್ತರು. ಆ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಉಣುಗನ್ನಾಗಲಿ ವೈರಸ್ಸನ್ನಾಗಲಿ ಎಣಿಸಲಿಲ್ಲ. ಜನ ಏನು ಮಾತಾಡುತ್ತಾರೆಂದು ಕೇಳಿಸಿಕೊಂಡರು. ಕಾಡು ಕಡಿದದ್ದಕ್ಕೆ ಭೂತಗಳು ಮುನಿದಿವೆ ಎಂಬ ಮಾತು ಅವರ ಕಿವಿಗೂ ಬಿತ್ತು. 1987ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಈ ರೋಗವನ್ನು ಕರೆದದ್ದು 'ಅಭಿವೃದ್ಧಿಯ ರೋಗ' ಎಂದು. ಭೂತದ ಮುನಿಸಿನ ವಕೀಲಿಕೆ ನನ್ನದಲ್ಲ. ಜ್ವರ ಬಂದವನನ್ನು ದರ್ಶನಕ್ಕೆ ಕೂರಿಸಿ ಆಸ್ಪತ್ರೆ ತಪ್ಪಿಸುವುದು ಕೊಲೆಗೆ ಸಮ ಎಂದೇ ನಂಬಿದ್ದೇನೆ. ಆದರೂ ಒಪ್ಪಲೇಬೇಕು: ಮರ ಕಡಿದದ್ದಕ್ಕೂ ಜ್ವರ ಬಂದದ್ದಕ್ಕೂ ಸಂಬಂಧವಿದೆ ಎಂಬುದನ್ನು ಆ ಊರಿನವರು ಯೋಜನೆ ಮಂಜೂರು ಮಾಡಿದವರಿಗಿಂತ ಮೊದಲು ಹೇಳಿದ್ದರು. ಕಾರಣದ ಹೆಸರು ತಪ್ಪಿತ್ತು, ಬೆರಳು ತೋರಿಸಿದ ದಿಕ್ಕು ತಪ್ಪಿರಲಿಲ್ಲ.

ಲಸಿಕೆಯ ಕಥೆ ಚಿಕ್ಕದು, ಬೇಸರದ್ದು. ಬೆಂಗಳೂರಿನ ಹೆಬ್ಬಾಳದ ಪ್ರಾಣಿ ಆರೋಗ್ಯ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು ಎರಡು ಸಲ ಚುಚ್ಚಿಸಿಕೊಂಡು, ಆಮೇಲೂ ವರ್ಷ ವರ್ಷ ಬೂಸ್ಟರ್ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದಲ್ಲಿ ವಿಪರೀತ ನೋವು, ಫಲ ಅಷ್ಟಕ್ಕಷ್ಟೆ. ಅದನ್ನು 2022ರಲ್ಲಿ ನಿಲ್ಲಿಸಲಾಯಿತು. ಹೊಸದರ ಕೆಲಸ ನಡೆದಿದೆ. ಈ ನಡುವೆ ರೋಗ ಊರು ದಾಟಿತು: 2012ರ ಕೊನೆಗೆ ಬಂಡೀಪುರ, ಆಮೇಲೆ ವಯನಾಡು, ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ನಮ್ಮ ಕಡೆಯವರು ಇನ್ನೂ ಮರೆತಿಲ್ಲ.

ಈಗ ನಕ್ಷೆ ಬರೆಯುವವರ ಸರದಿ. 2020ರಲ್ಲಿ ಬ್ರಿಟನ್ನಿನ ಮತ್ತು ಭಾರತದ ಸಂಶೋಧಕರು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಯವರನ್ನು ಜೊತೆಗೆ ಕೂರಿಸಿಕೊಂಡು ಅಪಾಯದ ನಕ್ಷೆಯೊಂದನ್ನು ಪ್ರಕಟಿಸಿದರು. ದಟ್ಟ ನಿತ್ಯಹರಿದ್ವರ್ಣ ಕಾಡೂ ನೆಡುತೋಪೂ ಒಂದರೊಳಗೊಂದು ಹೆಣೆದುಕೊಂಡು, ನಾಟಿ ದನಗಳು ಹೆಚ್ಚಿರುವಲ್ಲಿ ಅಪಾಯ ಹೆಚ್ಚು ಎಂದು ಅದು ತೋರಿಸಿತು. ಅರ್ಧ ಶತಮಾನದ ಹಿಂದೆ ಬೊಶೆಲ್ ಕಾಲಲ್ಲಿ ನಡೆದು ಕಂಡದ್ದನ್ನು ಇವರು ಕಂಪ್ಯೂಟರಿನಲ್ಲಿ ಕಂಡರು. ಉಣುಗು ಹಿಡಿಯುವ ವಿಧಾನ ಮಾತ್ರ ಬದಲಾಗಿಲ್ಲ: ಒಂದು ತುಂಡು ಬಿಳಿ ಫ್ಲಾನೆಲ್ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆಯುತ್ತಾ ನಡೆಯುವುದು, ಆಗಾಗ ನಿಂತು ಮಗುಚಿ ನೋಡುವುದು, ಹತ್ತಿದ್ದನ್ನು ಚಿಮಟದಲ್ಲಿ ಹೆಕ್ಕಿ ಸೀಸೆಗೆ ಹಾಕುವುದು.

ಫ್ಲಾನೆಲ್ ಎಳೆಯುವ ಅದೇ ನೆಲದಲ್ಲಿ, ಅದೇ ತಿಂಗಳುಗಳಲ್ಲಿ, ನಮ್ಮ ಹೆಂಗಸರು ದರಕು ಗುಡಿಸುತ್ತಾರೆ. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ, ಕೊನೆಗೆ ಅಡಿಕೆ ಮರದ ಬುಡಕ್ಕೆ ಆ ಒಣ ಎಲೆಯೇ ಬೇಕು. ಕಾಡಿಗೆ ಹೋಗಬೇಡಿ ಎಂದು ಕರಪತ್ರ ಹಂಚುವುದು ಸುಲಭ, ದರಕು ಇಲ್ಲದೆ ತೋಟ ಉಳಿಸುವುದು ಹೇಗೆಂದು ಅದರಲ್ಲಿ ಬರೆದಿರುವುದಿಲ್ಲ. ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲೆಂದು ಡೆಪಾ ತೈಲ ಹಂಚುತ್ತಾರೆ, ಉಣುಗನ್ನು ದೂರವಿಡುವ ಎಣ್ಣೆ. ಹೋದ ಬೇಸಿಗೆಯಲ್ಲಿ ನೆಂಟರ ಮನೆಯ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಅಂಥ ನಾಲ್ಕು ಬಾಟಲಿ ಸಿಕ್ಕಿಸಿಟ್ಟಿದ್ದನ್ನು ನೋಡಿದೆ. ಒಂದರ ಮುಚ್ಚಳವೂ ತೆಗೆದಿರಲಿಲ್ಲ. ಇಷ್ಟು ಹೊತ್ತು ನಿಮಗೆ ಹೇಳಿದ್ದನ್ನೆಲ್ಲ ದೊಡ್ಡಮ್ಮನಿಗೂ ಹೇಳಿದೆ, ಅಂಚೆಯವನ ಹೋಲಿಕೆಯನ್ನೂ ಬಿಡದೆ. ಅವರು ಪೂರ್ತಿ ಕೇಳಿಸಿಕೊಂಡು, ಬುಟ್ಟಿಯನ್ನು ಗೋಡೆಗೆ ಒರಗಿಸಿ ಕೇಳಿದರು: 'ಎಲ್ಲ ಸರಿ ತಮ್ಮಾ, ಈ ಎಣ್ಣೆ ಹಚ್ಚಿದ ಕೈಯಲ್ಲಿ ಹಾಲು ಕರೆಯುವುದು ಹೇಗೆ?'