ವಿದೇಶದ ಕಾರ್ಡಿಗೆ ಭಾರತದ ಅಂಗಡಿಯಲ್ಲಿ ‘ದೃಢೀಕರಣ ವಿಫಲ’: ತಡೆ ಇರುವುದು ಎಲ್ಲಿ?

ಪ್ರಶ್ನೆ: ನಾನು ಅಮೆರಿಕದಲ್ಲಿ ನೆಲೆಸಿದ್ದೇನೆ. ಬೆಂಗಳೂರಿನಲ್ಲಿರುವ ತಾಯಿಗೆ ಅಲ್ಲಿನ ಅಂಗಡಿಯೊಂದರ ಜಾಲತಾಣದಿಂದ ದಿನಸಿ ಕಳುಹಿಸೋಣವೆಂದು ನನ್ನ ಅಮೆರಿಕದ ಕ್ರೆಡಿಟ್ ಕಾರ್ಡಿನ ವಿವರ ತುಂಬಿದರೆ ‘ದೃಢೀಕರಣ ವಿಫಲವಾಗಿದೆ’ ಎಂದು ಬರುತ್ತದೆ. ಒಟಿಪಿ ಬರುವುದೇ ಇಲ್ಲ. ನನ್ನ ಬ್ಯಾಂಕಿನವರು ತಮ್ಮ ಕಡೆಯಿಂದ ಯಾವ ತಡೆಯೂ ಇಲ್ಲ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಒಟಿಪಿ ನಿಯಮವೇ ಇದಕ್ಕೆ ಕಾರಣವೆ?

ಉತ್ತರ: ಅಲ್ಲ. ಹೀಗೆಂದು ನಂಬಿದವರು ಬಹಳ ಮಂದಿ ಇದ್ದಾರೆ. ಅಂಗಡಿಗಳ ಗ್ರಾಹಕ ಸೇವಾ ಸಿಬ್ಬಂದಿಯೂ ಇದೇ ಉತ್ತರವನ್ನು ಕೊಡುವುದುಂಟು. ಕಾರ್ಡನ್ನು ಕೈಗೆ ಕೊಡದೆ ನಡೆಸುವ ಆನ್‌ಲೈನ್ ಪಾವತಿಗಳಿಗೆ ಕಾರ್ಡಿನ ಮೇಲೆ ಮುದ್ರಿತವಾಗಿರುವ ವಿವರಗಳಲ್ಲದೆ ಇನ್ನೊಂದು ದೃಢೀಕರಣವೂ ಇರಬೇಕೆಂದು ರಿಸರ್ವ್ ಬ್ಯಾಂಕ್ 2009ರ ಫೆಬ್ರುವರಿಯಲ್ಲಿ ಸುತ್ತೋಲೆ ಹೊರಡಿಸಿ, ಅದನ್ನು ಅದೇ ವರ್ಷದ ಆಗಸ್ಟ್ 1ರಿಂದ ಜಾರಿಗೆ ತಂದಿತು. ಆದರೆ ಆ ಕಟ್ಟುಪಾಡು ಭಾರತದಲ್ಲಿ ವಿತರಿಸಲಾದ ಕಾರ್ಡುಗಳಿಗೆ ಮಾತ್ರ ಸಂಬಂಧಿಸಿದ್ದು. ವಿದೇಶದಲ್ಲಿ ವಿತರಿಸಿದ ಕಾರ್ಡಿನಿಂದ ಭಾರತದ ವ್ಯಾಪಾರಿಗೆ ಹಣ ಕೊಡುವಾಗ ಅದು ಕಡ್ಡಾಯವಲ್ಲ. ಹಾಗಾಗಿ ನಿಮ್ಮ ಕಾರ್ಡನ್ನು ತಡೆದಿರುವುದು ಕಾನೂನಲ್ಲ. ಬಹುಮಟ್ಟಿಗೆ ಅದು ವ್ಯಾಪಾರಿಯ, ಅಥವಾ ಅವನ ಪರವಾಗಿ ಹಣ ಸ್ವೀಕರಿಸುವ ಪೇಮೆಂಟ್ ಗೇಟ್‌ವೇಯ ತೀರ್ಮಾನ.

ಈ ತೀರ್ಮಾನದ ಹಿಂದೆ ನಷ್ಟದ ಲೆಕ್ಕಾಚಾರವಿದೆ. ಕದ್ದ ಕಾರ್ಡಿನಿಂದ ಯಾರೋ ಸಾಮಾನು ಕೊಂಡರೆನ್ನಿ. ಕಾರ್ಡಿನ ನಿಜವಾದ ಒಡೆಯ ತನ್ನ ಬ್ಯಾಂಕಿಗೆ ದೂರು ಕೊಟ್ಟು ಹಣವನ್ನು ಹಿಂದಕ್ಕೆ ಪಡೆಯುತ್ತಾನೆ. ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ, ಮತ್ತು ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಸಾಮಾನ್ಯವಾಗಿ 120 ದಿನಗಳವರೆಗೂ ಅದಕ್ಕೆ ಅವಕಾಶವಿರುತ್ತದೆ. ಪಾವತಿಯ ವೇಳೆ ‘ತ್ರೀಡಿ ಸೆಕ್ಯೂರ್’ ಎಂಬ ವ್ಯವಸ್ಥೆಯ ಮೂಲಕ, ಅಂದರೆ ಒಟಿಪಿ ಅಥವಾ ಬ್ಯಾಂಕಿನ ಆ್ಯಪಿನ ಒಪ್ಪಿಗೆಯ ಮೂಲಕ, ದೃಢೀಕರಣ ನಡೆದಿದ್ದರೆ ಇಂಥ ವಂಚನೆಯ ನಷ್ಟ ಕಾರ್ಡ್ ಕೊಟ್ಟ ಬ್ಯಾಂಕಿನ ಪಾಲಿಗೆ ಹೋಗುತ್ತದೆ. ನಡೆಯದಿದ್ದರೆ ಅದು ವ್ಯಾಪಾರಿಯ ತಲೆಗೆ ಬರುತ್ತದೆ. ಸಾಮಾನು ಎಂದೋ ಕೈಬಿಟ್ಟುಹೋಗಿರುವಾಗ ನಾಲ್ಕು ತಿಂಗಳ ನಂತರ ಹಣವೂ ಹೋಗುವ ಭಯದಲ್ಲಿ ಸಣ್ಣ ವ್ಯಾಪಾರಿ ವಿದೇಶಿ ಕಾರ್ಡೇ ಬೇಡವೆಂದರೆ ಅವನನ್ನು ದೂರುವುದು ಕಷ್ಟ. ಇದಲ್ಲದೆ, ಅನೇಕ ಗೇಟ್‌ವೇಗಳಲ್ಲಿ ಅಂತರರಾಷ್ಟ್ರೀಯ ಕಾರ್ಡುಗಳ ಸೌಲಭ್ಯ ಮೊದಲಿನಿಂದಲೇ ತೆರೆದಿರುವುದಿಲ್ಲ. ವ್ಯಾಪಾರಿ ಪ್ರತ್ಯೇಕವಾಗಿ ಅರ್ಜಿ ಹಾಕಿ, ದೇಶೀಯ ಕಾರ್ಡುಗಳಿಗಿಂತ ಹೆಚ್ಚಿನ ಶುಲ್ಕಕ್ಕೆ ಒಪ್ಪಿ ಅದನ್ನು ಪಡೆಯಬೇಕು. ಸಿಟ್ಟು ಬರುವುದು ವಿದೇಶಿ ಕಾರ್ಡು ನಡೆಯುವುದಿಲ್ಲವೆಂದು ವ್ಯಾಪಾರಿಗಳು ಮೊದಲೇ ತಿಳಿಸದೆ, ವಿಳಾಸವನ್ನೆಲ್ಲ ತುಂಬಿಸಿಕೊಂಡ ಮೇಲೆ ‘ದೃಢೀಕರಣ ವಿಫಲ’ ಎಂಬ ದಾರಿ ತಪ್ಪಿಸುವ ಸಂದೇಶವನ್ನು ತೋರಿಸುವುದಕ್ಕೆ.

ಇನ್ನು ಕೆಲವು ಅಂಗಡಿಗಳು ವಿದೇಶಿ ಕಾರ್ಡನ್ನು ಒಪ್ಪುತ್ತವೆ, ಆದರೆ ತ್ರೀಡಿ ಸೆಕ್ಯೂರ್ ದೃಢೀಕರಣ ಆಗಲೇಬೇಕೆಂದು ಪಟ್ಟು ಹಿಡಿಯುತ್ತವೆ. ಯುರೋಪಿನ ಒಕ್ಕೂಟದಲ್ಲಿಯೂ ಬ್ರಿಟನ್ನಿನಲ್ಲಿಯೂ ಇಂಥ ಎರಡನೆಯ ದೃಢೀಕರಣವನ್ನು ಕಾನೂನೇ ಬಯಸುವುದರಿಂದ ಅಲ್ಲಿನ ಬ್ಯಾಂಕುಗಳೆಲ್ಲ ಅದಕ್ಕೆ ಸಿದ್ಧವಾಗಿವೆ. ಅಮೆರಿಕದಲ್ಲಿ ಅಂಥ ಕಾನೂನಿಲ್ಲ. ಅಲ್ಲಿನ ಎಲ್ಲ ಕಾರ್ಡುಗಳೂ ಈ ವ್ಯವಸ್ಥೆಯಲ್ಲಿ ನೋಂದಣಿಯಾಗಿರುವುದಿಲ್ಲ. ಲಂಡನ್ನಿನಲ್ಲಿರುವ ನಿಮ್ಮ ಸಂಬಂಧಿಕರ ಕಾರ್ಡಿಗೆ ಆ್ಯಪಿನಲ್ಲಿ ಒಪ್ಪಿಗೆಯ ಕೋರಿಕೆ ಬಂದು ಪಾವತಿ ಮುಗಿಯುವ ಅದೇ ಅಂಗಡಿಯಲ್ಲಿ ನಿಮಗೆ ಒಟಿಪಿಯೇ ಬಾರದಿರುವುದಕ್ಕೆ ಇದು ಕಾರಣವಾಗಿರಬಹುದು.

ಮೂರನೆಯ ತೊಡಕು ವಿಳಾಸದ್ದು. ಅಮೆರಿಕ, ಕೆನಡಾ ಮತ್ತು ಬ್ರಿಟನ್ನಿನ ಕಾರ್ಡುಗಳಲ್ಲಿ ವಿಳಾಸ ಪರಿಶೀಲನೆಯ ಪದ್ಧತಿಯಿದೆ: ಪಾವತಿದಾರ ಬರೆದ ಮನೆ ಸಂಖ್ಯೆಯನ್ನೂ ಜಿಪ್ ಕೋಡನ್ನೂ ಬ್ಯಾಂಕಿನ ದಾಖಲೆಯೊಂದಿಗೆ ತಾಳೆ ನೋಡಲಾಗುತ್ತದೆ. ಭಾರತದ ಅಂಗಡಿಯ ಅರ್ಜಿ ನಮೂನೆ ಆರು ಅಂಕಿಯ ಪಿನ್ ಕೋಡನ್ನೇ ಕೇಳುತ್ತದೆ, ಅಮೆರಿಕದ ಜಿಪ್ ಕೋಡಿನಲ್ಲಿರುವುದು ಐದೇ ಅಂಕಿ. ಬೇರೆ ದಾರಿ ಕಾಣದೆ ಜನರು ತಾಯಿಯ ಮನೆಯ ಮಲ್ಲೇಶ್ವರದ 560003 ಎಂದು ಬರೆಯುತ್ತಾರೆ. ಸಾಮಾನು ತಲುಪಬೇಕಾದ ವಿಳಾಸವಾಗಿ ಅದು ಸರಿ, ಬಿಲ್ಲಿಂಗ್ ವಿಳಾಸವಾಗಿ ತಪ್ಪು. ಜಾಲತಾಣ ಈ ಎರಡನ್ನೂ ಬೇರೆಬೇರೆಯಾಗಿ ಬರೆಯಲು ಬಿಟ್ಟರೆ ಬ್ಯಾಂಕಿನ ಹೇಳಿಕೆಪತ್ರದಲ್ಲಿರುವ ವಿಳಾಸವನ್ನೇ ಬಿಲ್ಲಿಂಗ್ ಭಾಗದಲ್ಲಿ ಬರೆಯಿರಿ. ಬಿಡದಿದ್ದರೆ ಆ ಅಂಗಡಿ ನಿಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡಿಲ್ಲವೆಂದೇ ತಿಳಿಯಬೇಕು.

ತಡೆ ಎಲ್ಲಿದೆಯೆಂದು ತಿಳಿಯಲು ಬ್ಯಾಂಕಿನವರನ್ನು ‘ತಡೆಯಿದೆಯೆ’ ಎಂದು ಕೇಳುವುದಕ್ಕಿಂತ ‘ಈ ವ್ಯಾಪಾರಿಯಿಂದ ಈ ಹೊತ್ತಿಗೆ ಪಾವತಿಯ ಕೋರಿಕೆ ನಿಮಗೆ ತಲುಪಿತ್ತೆ’ ಎಂದು ಕೇಳುವುದು ಒಳ್ಳೆಯದು. ತಲುಪಿಯೇ ಇಲ್ಲವೆಂದರೆ ಪಾವತಿ ಗೇಟ್‌ವೇಯಲ್ಲಿ ಅಥವಾ ತ್ರೀಡಿ ಸೆಕ್ಯೂರ್ ಹಂತದಲ್ಲಿ ನಿಂತಿದೆ. ನೀವು ಎಷ್ಟು ಬಾರಿ ಬ್ಯಾಂಕಿಗೆ ಕರೆ ಮಾಡಿದರೂ ಪ್ರಯೋಜನವಿಲ್ಲ. ತಲುಪಿ ನಿರಾಕರಣೆಗೊಂಡಿದ್ದರೆ ವಂಚನೆಯ ಶಂಕೆಯೇ ಸಾಮಾನ್ಯ ಕಾರಣ, ಮತ್ತು ಆ ವಹಿವಾಟು ನಿಮ್ಮದೇ ಎಂದು ಖಚಿತಪಡಿಸಿದರೆ ಮುಂದಿನ ಪ್ರಯತ್ನ ಬಹುತೇಕ ಫಲಿಸುತ್ತದೆ. ಎರಡೂ ಸಂದರ್ಭಗಳಲ್ಲಿ ಬೆನ್ನುಬೆನ್ನಿಗೆ ಪ್ರಯತ್ನಿಸುತ್ತ ಹೋಗಬೇಡಿ; ಅದು ಕಾರ್ಡಿನ ಸಂಖ್ಯೆಯನ್ನು ಪರೀಕ್ಷಿಸುತ್ತಿರುವ ಕಳ್ಳನ ನಡವಳಿಕೆಯಂತೆ ಕಾಣುತ್ತದೆ.

ವ್ಯಾಪಾರಿ ವಿದೇಶಿ ಕಾರ್ಡನ್ನು ಒಪ್ಪುವುದೇ ಇಲ್ಲವೆಂದಾದರೆ ಕಾರ್ಡನ್ನು ಬಿಟ್ಟು ಬೇರೆ ದಾರಿ ನೋಡಬೇಕಾಗುತ್ತದೆ. ಪೇಪಾಲ್ ಭಾರತದೊಳಗಿನ ಪಾವತಿ ಸೇವೆಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದ್ದರೂ ವಿದೇಶಿ ಗ್ರಾಹಕರಿಂದ ಭಾರತದ ವ್ಯಾಪಾರಿಗಳಿಗೆ ಹಣ ತಲುಪಿಸುವ ಸೇವೆಯನ್ನು ಉಳಿಸಿಕೊಂಡಿತು. ಭಾರತದಲ್ಲಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಎಂಬ, ಅನಿವಾಸಿಗಳಿಗಾಗಿಯೇ ಇರುವ ಬ್ಯಾಂಕ್ ಖಾತೆಯುಳ್ಳವರಿಗೆ ಇನ್ನೂ ಸುಲಭದ ಮಾರ್ಗ ಯುಪಿಐ: ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳಿಗೂ ಅದನ್ನು ಜೋಡಿಸಬಹುದೆಂದು ರಾಷ್ಟ್ರೀಯ ಪಾವತಿ ನಿಗಮ 2023ರ ಜನವರಿಯಲ್ಲಿ ಅನುಮತಿ ನೀಡಿತು, ನಿಮ್ಮ ಬ್ಯಾಂಕ್ ಮತ್ತು ಆ್ಯಪ್ ಈ ಸೌಲಭ್ಯವನ್ನು ಒದಗಿಸುತ್ತಿವೆಯೆ ಎಂದು ವಿಚಾರಿಸಬೇಕು. ‘ಕಾರ್ಡಿನ ಎರಡೂ ಬದಿಯ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿ, ನಾವೇ ಪಾವತಿ ಮಾಡಿಕೊಳ್ಳುತ್ತೇವೆ’ ಎಂದು ಹೇಳುವ ಅಂಗಡಿಯವರ ಮಾತಿಗೆ ಮಾತ್ರ ಒಪ್ಪಬೇಡಿ.

ಮಠ, ದೇವಸ್ಥಾನ, ಶಾಲೆಗಳ ದೇಣಿಗೆಯ ವಿಚಾರ ಬೇರೆ. ಅಲ್ಲಿ ಕಾನೂನು ನಿಜವಾಗಿಯೂ ಅಡ್ಡ ಬರುತ್ತದೆ. ವಿದೇಶಿ ಪೌರರು ಕೊಡುವ ದೇಣಿಗೆ, ಅವರು ಭಾರತ ಮೂಲದವರಾಗಿದ್ದರೂ, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಹೊಂದಿದ್ದರೂ, ವಿದೇಶಿ ವಂತಿಗೆ ಎನಿಸುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅಡಿಯ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಮತ್ತು 2020ರ ತಿದ್ದುಪಡಿಯ ನಂತರ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣಕ್ಕೆ ಈ ನಿರ್ಬಂಧವಿಲ್ಲ. ಆದರೆ ಕಾರ್ಡನ್ನು ನೋಡಿ ಪೌರತ್ವವನ್ನು ತಿಳಿಯುವುದು ಸಾಧ್ಯವಿಲ್ಲದ ಕಾರಣ, ನೋಂದಣಿಯಿಲ್ಲದ ಸಂಸ್ಥೆ ವಿದೇಶಿ ಕಾರ್ಡುಗಳನ್ನು ಒಟ್ಟಾರೆಯಾಗಿ ಮುಚ್ಚಿಬಿಡುವುದೇ ಅದಕ್ಕೆ ಕ್ಷೇಮ.

ಕೊನೆಯದಾಗಿ, ವಿಫಲವಾದ ಪಾವತಿಯ ಮೊತ್ತ ನಿಮ್ಮ ಕಾರ್ಡಿನ ಖಾತೆಯಲ್ಲಿ ‘ಬಾಕಿ’ ಎಂದು ಕೆಲವು ದಿನ ಕಾಣಿಸಿಕೊಂಡರೆ ಗಾಬರಿಯಾಗಬೇಕಿಲ್ಲ; ಸಾಮಾನ್ಯವಾಗಿ ಅದು ಕಾದಿರಿಸಿದ ಹಣವಷ್ಟೆ, ವ್ಯಾಪಾರಿ ಪಡೆದುಕೊಳ್ಳದಿದ್ದರೆ ತಾನಾಗಿ ಬಿಡುಗಡೆಯಾಗುತ್ತದೆ. ಐದು ದಿನಗಳೊಳಗೆ ಹಣ ಮರಳದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ 2019ರ ನಿಯಮ ದೇಶದೊಳಗಿನ ವಹಿವಾಟುಗಳಿಗಷ್ಟೇ ಅನ್ವಯಿಸುವುದರಿಂದ, ಮೊತ್ತ ಬಿಡುಗಡೆಯಾಗದಿದ್ದಲ್ಲಿ ವ್ಯಾಪಾರಿಯಿಂದ ವಹಿವಾಟು ರದ್ದಾಗಿರುವ ಬಗ್ಗೆ ಒಂದು ಇಮೇಲ್ ಪಡೆದು, ದೂರನ್ನು ನಿಮ್ಮ ಅಮೆರಿಕದ ಬ್ಯಾಂಕಿಗೇ ಸಲ್ಲಿಸಿ.